ಮೊಳೆಗೆ ಚುಚ್ಚಿದ ಕೆಲಸಗಳು

“ಆ ಚೀಟಿಗಳನ್ನ ಮುಟ್ಟಿದ್ಯೋ, ನೋಡು ಮತ್ತೆ!”

ಅಕ್ಕನ ದನಿಗೆ ನನ್ನ ಕೈ ಅರ್ಧದಲ್ಲೇ ನಿಂತಿತು. ಹೊರಗಿನವರಿಗೆ ನಾನು ಪತ್ತೇದಾರ. ಅಕ್ಕನಿಗೆ ಮಾತ್ರ ಇನ್ನೂ ಮೂಗು ಒರೆಸಿಕೊಳ್ಳಲು ಬಾರದ ತಮ್ಮ. ಅಂಚೆ ಕಚೇರಿಯಿಂದ ನಿವೃತ್ತಳಾದ ಮೇಲೆ ಅವಳು ನನ್ನ ಆಫೀಸನ್ನೂ ನನ್ನನ್ನೂ ಒಟ್ಟಿಗೇ ವಹಿಸಿಕೊಂಡಿದ್ದಾಳೆ.

“ಮುಟ್ಟದೆ ಓದೋದು ಹೇಗೆ?” ಎಂದೆ.

“ಬಗ್ಗಿ ಓದು. ಸೊಂಟ ಇರೋದು ಯಾಕೆ?”

ಬಗ್ಗಿದೆ. ಬೀಗದಂಗಡಿಯ ಮೇಜಿನ ಮೇಲೆ, ಕೀ ಕೊರೆಯುವ ಯಂತ್ರದ ಪಕ್ಕದಲ್ಲಿ ಒಂದು ಮರದ ತುಂಡು, ಅದರೊಳಗಿಂದ ಮೇಲಕ್ಕೆ ಎದ್ದು ನಿಂತ ಉದ್ದನೆಯ ಮೊಳೆ. ಆ ಮೊಳೆಗೆ ಕಂದು ಬಣ್ಣದ ಕಾಗದದ ಚೂರುಗಳನ್ನು ಒಂದರ ಮೇಲೊಂದು ಚುಚ್ಚಿಟ್ಟಿದ್ದರು. ಪಾರ್ಸೆಲ್ ಸುತ್ತಿ ಬರುವ ಒರಟು ಕಾಗದ. ಬೆಳಿಗ್ಗೆ ಬಂದ ಪೊಲೀಸರು ಕಪಾಟು, ಡ್ರಾಯರು, ಕಸದ ಬುಟ್ಟಿ ಎಲ್ಲ ಜಾಲಾಡಿ, ಕಣ್ಣೆದುರಿಗಿದ್ದ ಇದನ್ನು ರದ್ದಿ ಎಂದು ಬಿಟ್ಟುಹೋಗಿದ್ದರು.

ನಿನ್ನೆ ಮಧ್ಯಾಹ್ನ ಊರಿನ ವಕೀಲರೊಬ್ಬರು ಕೋರ್ಟಿನಲ್ಲಿದ್ದಾಗ ಅವರ ಮನೆಯ ತಿಜೋರಿಯನ್ನು ಯಾರೋ ಒಂದು ಗೀರೂ ಬೀಳದಂತೆ ತೆರೆದು ಖಾಲಿ ಮಾಡಿದ್ದರು. ಹಾಗೆ ತೆರೆಯಬಲ್ಲ ಕೈ ಈ ಊರಿನಲ್ಲಿ ಒಂದೇ ಎಂಬ ಮಾತಿತ್ತು. ಆ ಕೈಯ ಒಡತಿ, ಎಲ್ಲರೂ ಬೀಗದಮ್ಮ ಎಂದು ಕರೆಯುವ ಬೀಗ ರಿಪೇರಿಯ ಹೆಂಗಸು, ಬೆಳಗಾಗುವಷ್ಟರಲ್ಲಿ ನಾಪತ್ತೆ. ಇನ್ಸ್‌ಪೆಕ್ಟರು ಎರಡಕ್ಕೆ ಎರಡು ಕೂಡಿಸಿ ಕೈ ತೊಳೆದುಕೊಂಡಿದ್ದರು.

“ಅಮ್ಮ ಕಳ್ಳಿ ಅಲ್ಲ ಸರ್,” ಎಂದಳು ಬಾಗಿಲ ಬಳಿ ನಿಂತಿದ್ದ ಬೀಗದಮ್ಮನ ಮಗಳು. ನನ್ನನ್ನು ಗೊತ್ತುಮಾಡಿದವಳು ಅವಳೇ.

“ಅಷ್ಟು ಖಾತ್ರಿಯಾಗಿ ಹೇಗೆ ಹೇಳ್ತೀರಿ?”

“ನನಗೆ ಗೊತ್ತು.”

ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಅಮ್ಮನ ಹೃದಯದ ಮಾತ್ರೆಯ ಡಬ್ಬಿ ಮೇಜಿನ ಮೇಲೆಯೇ ಉಳಿದಿತ್ತು. ಅದನ್ನು ಕೈಯಲ್ಲಿ ಹಿಡಿದುಕೊಂಡು ಬೆಳಗಿನಿಂದ ತೆರೆಯುವುದು, ಮುಚ್ಚುವುದು. ಆ ಮಾತ್ರೆ ತಪ್ಪಿದರೆ ಏನಾಗುತ್ತದೆಂದು ಬೇರೆಯವರು ಅವಳಿಗೆ ಹೇಳಿಕೊಡಬೇಕಿರಲಿಲ್ಲ. ಪೊಲೀಸರಿಗೆ ಕಳ್ಳಿ ಬೇಕಾಗಿತ್ತು, ಅವಳಿಗೆ ಜೀವಸಹಿತ ಅಮ್ಮ ಬೇಕಾಗಿತ್ತು.

“ಈ ಚೂರುಗಳು ಏನಮ್ಮಾ?” ಅಕ್ಕ ಕೇಳಿದಳು.

“ಅಮ್ಮನ ದಿನದ ಕೆಲಸ ಆಂಟಿ, ಇವು ನಿನ್ನೆಯವು. ಬೆಳಿಗ್ಗೆ ಅಂಗಡಿ ತೆಗೆದ ತಕ್ಷಣ ಉದ್ದ ಕಾಗದದಲ್ಲಿ ಒಂದರ ಕೆಳಗೆ ಒಂದು ಬರೀತಾರೆ. ಯಾವ ಬೀದಿ ಮೊದಲು, ಯಾವುದು ಆಮೇಲೆ ಅಂತ ಯೋಚನೆ ಮಾಡಿ ಮಾಡಿ ಬರೆಯೋದು. ಬರೆದ ಮೇಲೆ ಸಾಲು ತಪ್ಪಿಸೋ ಹಾಗಿಲ್ಲ. ಒಂದು ಕೆಲಸ ಮುಗಿಸಿ ಬಂದ್ರೆ ಮೇಲಿನ ಆ ಸಾಲನ್ನ ಕೈಯಲ್ಲೇ ಹರಿದು ಮೊಳೆಗೆ ಚುಚ್ಚೋದು. ಸಂಜೆ ಉಳಿದಿದ್ದು ನಾಳೆಗೆ.”

“ಅಡ್ಡಗೆರೆ ಎಳೆದ್ರೆ ಸಾಲದಾ?” ಎಂದೆ.

“ನಾನೂ ಕೇಳಿದ್ದೆ ಸರ್. ಶಾಲೆ ಬಿಟ್ಟ ಮೇಲೆ ಇಲ್ಲೇ ಕೂರ್ತಿದ್ದೆನಲ್ಲ. ಮುಗಿದ ಕೆಲಸ ಕಣ್ಣಮುಂದೆ ಇದ್ರೆ ಬಾಕಿ ಕೆಲಸಕ್ಕೆ ಸೋಮಾರಿತನ ಬರುತ್ತೆ ಅನ್ನೋರು.”

ಅಕ್ಕ ನನ್ನತ್ತ ಒಂದು ನೋಟ ಬೀರಿದಳು. ಪ್ರತಿದಿನ ಬೆಳಿಗ್ಗೆ ಅವಳೂ ನನಗೊಂದು ಪಟ್ಟಿ ಬರೆದು ಜೇಬಿಗೆ ತುರುಕುತ್ತಾಳೆ. ಅದು ಸಂಜೆಯವರೆಗೂ ಜೇಬಿನಲ್ಲೇ ಸುಖವಾಗಿರುತ್ತದೆ. ಈ ವಿಷಯಕ್ಕೆ ನಮ್ಮ ಮನೆಯಲ್ಲಿ ಎಷ್ಟೋ ಸಲ ರಾಮಾಯಣವಾಗಿದೆ.

“ಉಳಿದ ಕಾಗದ ಎಲ್ಲಿ?”

“ಇನ್ಸ್‌ಪೆಕ್ಟರ್ ತಗೊಂಡು ಹೋದ್ರು. ಅದರಲ್ಲಿ ಎರಡೇ ಸಾಲಿತ್ತು. ಮಾತ್ರೆ ತರಬೇಕು, ತಮ್ಮನ ಚಪ್ಪಲಿ ಹೊಲಿಸಬೇಕು ಅಂತ.”

ತಮ್ಮನ ಚಪ್ಪಲಿ ಎಂದರೆ ಏನೋ ಗುಪ್ತ ಸಂಕೇತವಿರಬಹುದೆಂದು ಇನ್ಸ್‌ಪೆಕ್ಟರು ತಲೆ ಕೆಡಿಸಿಕೊಂಡಿದ್ದಾರಂತೆ. ನನಗೆ ನಗು ಬಂತು, ಆದರೆ ಮಗಳ ಮುಖ ನೋಡಿ ನುಂಗಿಕೊಂಡೆ. ಮಾತ್ರೆ ತರಬೇಕೆಂದು ಬೆಳಿಗ್ಗೆ ಬರೆದ ಹೆಂಗಸು ಸಂಜೆ ಊರು ಬಿಡುವ ಯೋಚನೆಯಲ್ಲಿ ಇದ್ದವಳಲ್ಲ. ನಡುವೆ ಏನೋ ಆಗಿದೆ.

ಅಕ್ಕ ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಚೀಟಿಯನ್ನು ಮೊಳೆಯಿಂದ ತೆಗೆದು, ತೆಗೆದ ಕ್ರಮದಲ್ಲೇ ಮೇಜಿನ ಮೇಲೆ ಇಟ್ಟಳು. ನನಗೆ ಬೇಡವೆಂದಿದ್ದ ಕೆಲಸವನ್ನು ಅವಳೇ ಮಾಡುತ್ತಿದ್ದಳು. ಕೇಳಿದರೆ ಇನ್ನೊಂದು ರಾಮಾಯಣ, ಸುಮ್ಮನಿದ್ದೆ.

ತಳದಲ್ಲಿದ್ದದ್ದು ‘ಬೇಕರಿ ಶಟರಿಗೆ ಎಣ್ಣೆ’. ಅದರ ಮೇಲೆ ‘ಮಹಡಿ ಮನೆ ಅಜ್ಜನಿಗೆ ನಕಲಿ ಕೀ’. ಆಮೇಲೆ ‘ಶಾಲೆಯ ಬೀರು’. ಎಲ್ಲಕ್ಕಿಂತ ಮೇಲೆ ‘ಹಲ್ಲಿನ ಡಾಕ್ಟರು, ಬಾಗಿಲ ಹಿಡಿ’. ದಪ್ಪ ಪೆನ್ಸಿಲಿನ ಗುಂಡು ಗುಂಡು ಅಕ್ಷರ.

“ಇಲ್ಲಿ ವಕೀಲರ ಮನೆಯ ಸುದ್ದಿಯೇ ಇಲ್ಲ,” ಎಂದಳು ಮಗಳು. ದನಿಯಲ್ಲಿ ಸ್ವಲ್ಪ ಜೀವ ಬಂದಿತ್ತು.

ನನ್ನ ಕಣ್ಣು ಬೇರೆ ಕಡೆ ಬಿದ್ದಿತ್ತು. ಕೆಳಗಿನ ಮೂರು ಚೀಟಿಗಳಿಗೂ ಒಂದೊಂದೇ ತೂತು. ಮೇಲಿನ ಹಲ್ಲಿನ ಡಾಕ್ಟರ ಚೀಟಿಗೆ ಮಾತ್ರ ಮೂರು.

“ಅಕ್ಕಾ, ಇದನ್ನ ಯಾರೋ ಮೊಳೆಯಿಂದ ತೆಗೆದು ಮತ್ತೆ ಚುಚ್ಚಿದ್ದಾರೆ!”

“ಯಾಕೆ ತೆಗೀತಾರೆ?”

“ಇದರ ಕೆಳಗಿದ್ದ ಇನ್ನೊಂದು ಚೀಟಿ ಬೇಕಾಗಿತ್ತು. ಅದನ್ನ ಎಗರಿಸಿ, ಇದನ್ನ ವಾಪಸ್ ಹಾಕಿದ್ದಾರೆ.”

“ಅದಕ್ಕೆ ಎರಡು ತೂತು ಸಾಕು. ಮೂರನೇದು?”

“ಗಾಬರೀಲಿ ಕೈ ತಪ್ಪಿರುತ್ತೆ ಬಿಡು.”

“ನೀನು ಬಿಡೋನೇ ಸರಿ,” ಎಂದಳು ಅಕ್ಕ. ಆದರೆ ಅವಳ ಕಣ್ಣಿನಲ್ಲಿ ಕುತೂಹಲ ಹೊತ್ತಿಕೊಂಡದ್ದು ನನಗೆ ಕಂಡಿತು. ಅಂಚೆ ಕಚೇರಿಯಲ್ಲಿ ವಿಳಾಸ ತಪ್ಪಿದ ಕವರು ಸಿಕ್ಕಾಗಲೂ ಅವಳ ಮುಖ ಹೀಗೇ ಆಗುತ್ತಿತ್ತಂತೆ.

ಚೀಟಿ ಎಗರಿಸಿದವರು ಯಾರೆಂದು ತಿಳಿಯಲು ಬಹಳ ತಲೆ ಓಡಿಸಬೇಕಾಗಿರಲಿಲ್ಲ. ಹೊರಗಿನವರ ಕಣ್ಣಿಗೆ ಅದು ರದ್ದಿ. ರದ್ದಿಯಲ್ಲ ಎಂದು ಗೊತ್ತಿದ್ದವರು ಮಗಳು, ಮತ್ತೆ ಬೀಗದಮ್ಮನ ತಮ್ಮ.

ತಮ್ಮ ಅದೇ ಅಂಗಡಿಯ ಹಿಂಭಾಗದಲ್ಲಿ ಸಾಣೆ ಹಿಡಿಯುತ್ತಾನೆ. ಕತ್ತರಿ, ಚಾಕು, ಕಟುಕರ ಕತ್ತಿ. ತನ್ನ ಅಕ್ಕ ಕಾಣೆಯಾದ ದಿನವೂ ಅವನ ಚಕ್ರ ತಿರುಗುತ್ತಲೇ ಇತ್ತು. ನಾನು ಒಳಗೆ ಹೋಗಿ ಅವನೆದುರು ಸ್ಟೂಲು ಎಳೆದುಕೊಂಡು ಕೂತೆ.

“ಕೆಲಸ ಜೋರು?”

“ಸುಮ್ನೆ ಕೂತ್ರೆ ತಲೆ ಕೆಡುತ್ತೆ ಸರ್.”

“ಅಂಗಡಿ ಬಾಗಿಲು ಬೆಳಿಗ್ಗೆ ಮೊದಲು ತೆಗೆದಿದ್ದು ನೀವೇ ಅಲ್ವಾ?”

“ಹೂಂ.”

“ಪೊಲೀಸರು ಬರೋ ಮುಂಚೆ ಮೊಳೆಯಿಂದ ಏನು ತೆಗೆದ್ರಿ?”

ಕತ್ತರಿ ಚಕ್ರಕ್ಕೆ ತಗುಲಿ ಕಿರ್ರೆಂದಿತು. ಅಷ್ಟು ವರ್ಷದ ಕೈ ಹಾಗೆ ತಪ್ಪುವುದಿಲ್ಲ.

“ಯಾವ ಮೊಳೆ?”

“ನಿಮ್ಮಕ್ಕ ದಿನಾ ಚೀಟಿ ಚುಚ್ಚೋ ಮೊಳೆ.”

“ನಾನ್ಯಾಕೆ ಅದರ ತಂಟೆಗೆ ಹೋಗ್ಲಿ? ನನ್ನ ಪಾಡು ನನಗೆ.”

“ನೋಡಿ, ನಿಮ್ಮಕ್ಕನ ಮಾತ್ರೆ ಇಲ್ಲೇ ಉಳಿದಿದೆ. ಅವರು ಎಲ್ಲಿದ್ದಾರೋ ಏನೋ. ನೀವು ಬಾಯಿಗೆ ಬೀಗ ಹಾಕ್ಕೊಂಡು ಕೂತ್ರೆ ನಷ್ಟ ಯಾರಿಗೆ?”

ಅವನು ಮತ್ತೆ ಕತ್ತರಿಯನ್ನು ಚಕ್ರಕ್ಕೆ ಹಿಡಿದ. ಬಾಗಿಲಲ್ಲಿ ನೆರಳು ಬಿತ್ತು. ಮಗಳು ಬಂದು ನಿಂತಿದ್ದಳು.

“ಮಾವ, ನೀನಾ?”

ಆ ಒಂದು ಮಾತಿಗೆ ಅವನು ಕರಗಿಹೋದ. ನಾನು ಗಂಟೆಗಟ್ಟಲೆ ಜಬರಿಸಿದ್ದರೂ ಬಾಯಿ ಬಿಡುತ್ತಿರಲಿಲ್ಲವೇನೋ. ಚಕ್ರ ನಿಲ್ಲಿಸಿ, ಎರಡೂ ಕೈಯನ್ನು ಬಟ್ಟೆಗೆ ಒರೆಸಿಕೊಂಡು, ಅಂಗಿಯ ಒಳಜೇಬಿನಿಂದ ಮಡಚಿದ ಕಂದು ಚೂರೊಂದನ್ನು ತೆಗೆದ.

“ಇದು ಪೊಲೀಸರ ಕೈಗೆ ಸಿಕ್ಕಿದ್ರೆ ಅಕ್ಕನ ಕಥೆ ಮುಗೀತಿತ್ತು ಸರ್. ಅದಕ್ಕೇ ತೆಗೆದೆ.”

ಬಿಡಿಸಿ ನೋಡಿದೆ. ಅದೇ ದಪ್ಪ ಪೆನ್ಸಿಲು, ಅದೇ ಗುಂಡು ಅಕ್ಷರ: ‘ವಕೀಲರ ಮನೆ ತಿಜೋರಿ’. ನಡುವೆ ಒಂದು ತೂತು.

ಮಗಳು ಚೀಟಿಯಿಂದ ಮುಖ ತಿರುಗಿಸಿದಳು. ನನಗಾದರೋ ಕುಣಿಯುವಷ್ಟು ಖುಷಿಯಾಯಿತು.

“ಅಯ್ಯೋ ಪುಣ್ಯಾತ್ಮ! ಇದು ನಿಮ್ಮಕ್ಕನನ್ನ ಮುಳುಗಿಸೋ ಚೀಟಿ ಅಲ್ಲ, ತೇಲಿಸೋ ಚೀಟಿ. ಯಾವ ಕಳ್ಳನಾದ್ರೂ ಬೆಳಿಗ್ಗೆ ಎದ್ದು ಬೇಕರಿ, ಶಾಲೆ, ಕಳ್ಳತನ, ಹಲ್ಲಿನ ಡಾಕ್ಟರು ಅಂತ ಬರೆದಿಟ್ಟುಕೊಂಡು ಹೊರಡ್ತಾನಾ? ಇದು ಕರೆದು ಕೊಟ್ಟ ಕೆಲಸ. ವಕೀಲರೇ ಕರೆಸಿ ತೆಗೆಸಿದ್ದಾರೆ!”

“ಅವರು ಅಕ್ಕನ ಮುಖವನ್ನೇ ನೋಡಿಲ್ಲ, ಒಂದು ಮಾತೂ ಆಡಿಲ್ಲ ಅಂತ ಪೊಲೀಸರಿಗೆ ಬರೆದುಕೊಟ್ಟಿದ್ದಾರಂತೆ ಸರ್,” ಎಂದ ತಮ್ಮ.

“ಹಾಗಾದ್ರೆ ಸುಳ್ಳು ಬರೆದುಕೊಟ್ಟಿದ್ದಾರೆ.”

ಕೇಸು ಬಗೆಹರಿದೇ ಹೋಯಿತು ಎಂದು ನಾನು ಮೀಸೆ ತಿರುವಿಕೊಳ್ಳುವಷ್ಟರಲ್ಲಿ ಹೊರಗಿನಿಂದ ಅಕ್ಕನ ಕರೆ ಬಂತು.

“ಆ ಚೀಟಿ ಇಲ್ಲಿ ತಗೊಂಡು ಬಾರೋ.”

ಮೇಜಿನ ಮೇಲೆ ಅವಳು ನಾಲ್ಕು ಚೂರುಗಳನ್ನು ಬರೆದಿದ್ದ ಕ್ರಮದಲ್ಲೇ ಮೇಲಿನಿಂದ ಕೆಳಕ್ಕೆ ಜೋಡಿಸಿದ್ದಳು. ಕೈಯಲ್ಲಿ ಹರಿದ ಕಾಗದ ಎಲ್ಲೂ ನೇರವಾಗಿ ಹರಿಯುವುದಿಲ್ಲ. ಬೇಕರಿಯ ಕೆಳ ಅಂಚಿನ ಉಬ್ಬು ಅಜ್ಜನ ಮೇಲಂಚಿನ ತಗ್ಗಿಗೆ ಸರಿಯಾಗಿ ಕೂತಿತ್ತು. ಅಜ್ಜನ ಅಂಚು ಶಾಲೆಗೆ ಕೂತಿತ್ತು.

“ಈಗ ನಿನ್ನ ಚೀಟೀನ ಶಾಲೆಗೂ ಹಲ್ಲಿನ ಡಾಕ್ಟರಿಗೂ ನಡುವೆ ಕೂರಿಸು ನೋಡೋಣ.”

ಕೂರಿಸಿದೆ. ಕೂರಲಿಲ್ಲ. ಮೇಲೂ ಸೇರಲಿಲ್ಲ, ಕೆಳಗೂ ಸೇರಲಿಲ್ಲ. ತಿರುಗಿಸಿ ಇಟ್ಟೆ, ಆಗಲೂ ಇಲ್ಲ.

ಅಕ್ಕ ನನ್ನ ಕೈಯನ್ನು ಪಕ್ಕಕ್ಕೆ ತಳ್ಳಿ, ಶಾಲೆಯ ಚೂರಿಗೆ ಹಲ್ಲಿನ ಡಾಕ್ಟರ ಚೂರನ್ನು ನೇರವಾಗಿ ತಾಗಿಸಿದಳು. ಎರಡೂ ಕೂದಲೆಳೆ ಸಂದಿಲ್ಲದಂತೆ ಸೇರಿಕೊಂಡವು.

“ನೋಡಿದ್ಯಾ? ಈ ಎರಡರ ನಡುವೆ ಬೇರೆ ಸಾಲೇ ಇರಲಿಲ್ಲ. ನಿನ್ನ ತಿಜೋರಿಗೆ ಪಟ್ಟಿಯಲ್ಲಿ ಜಾಗವೇ ಇಲ್ಲ.”

“ಅಂದ್ರೆ?”

“ಬೆಳಿಗ್ಗೆ ಬರೆದಿದ್ದಲ್ಲ. ಎಲ್ಲಾ ಕೆಲಸ ಮುಗಿದ ಮೇಲೆ, ಬೇರೆ ಕಾಗದದ ಮೇಲೆ ಬರೆದು ಒಳಗೆ ತುರುಕಿದ್ದು. ಹಲ್ಲಿನ ಡಾಕ್ಟರ ಚೀಟಿ ಮೊದಲು ಚುಚ್ಚಿದಾಗ ಒಂದು ತೂತು. ಅದನ್ನ ಎತ್ತಿ, ತಿಜೋರಿ ಚೀಟಿ ಹಾಕಿ, ಮತ್ತೆ ಚುಚ್ಚಿದಾಗ ಎರಡು. ಈ ತಮ್ಮ ಎತ್ತಿ ಇಟ್ಟಾಗ ಮೂರು. ಈಗ ಲೆಕ್ಕ ಸರಿಯಾಯ್ತಾ?”

ನನ್ನ ಮೀಸೆ ಇದ್ದಲ್ಲೇ ಇಳಿಯಿತು. ಅಕ್ಕ ಹೇಳಿದ್ದರಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ಹೊಟ್ಟೆಕಿಚ್ಚಾಯಿತೆಂದೂ ಹೇಳಿಬಿಡುತ್ತೇನೆ, ಹೆಮ್ಮೆಯೂ ಆಯಿತು.

“ಹಾಗಾದ್ರೆ ಯಾರೋ ಅಕ್ಕನ ತಲೆಗೆ ಕಟ್ಟೋಕೆ ಮಾಡಿದ್ದಾರೆ!” ತಮ್ಮ ಮುಷ್ಟಿ ಬಿಗಿದ. “ಅವರ ಅಕ್ಷರ ನಕಲು ಮಾಡಿ...”

“ನಕಲಾ?” ಅಕ್ಕ ಚೀಟಿಯನ್ನು ಅವನ ಮುಂದೆ ಹಿಡಿದಳು. “ಸರಿಯಾಗಿ ನೋಡಿ ಹೇಳಿ.”

ಅವನು ನೋಡಿದ. ಮಗಳು ನೋಡಿದಳು. ಅವರಿಗೆ ಹುಟ್ಟಿದಾಗಿನಿಂದ ಗೊತ್ತಿದ್ದ ಕೈಬರಹ ಅದು.

“ಅಮ್ಮನದೇ,” ಎಂದಳು ಮಗಳು ಕೊನೆಗೆ. ದನಿ ಕೇಳಿಸುವಂತಿರಲಿಲ್ಲ.

ಬೀಗದಮ್ಮ ತನ್ನ ಮೇಲೆ ತಾನೇ ಸಾಕ್ಷಿ ಬರೆದು, ತನ್ನ ಮೊಳೆಗೆ ತಾನೇ ಚುಚ್ಚಿ ಹೋಗಿದ್ದಳು. ಮಾಡದ ಕೆಲಸವನ್ನು ಮಾಡಿ ಮುಗಿಸಿದ ಕೆಲಸಗಳ ನಡುವೆ ಸೇರಿಸಿದ್ದಳು. ಬದುಕಿಡೀ ಬರೆದಿಟ್ಟುಕೊಂಡೇ ಕೆಲಸ ಮಾಡಿದ ಹೆಂಗಸಿಗೆ ಸುಳ್ಳು ಹೇಳುವಾಗಲೂ ಬೇರೆ ದಾರಿ ಹೊಳೆದಿರಲಿಲ್ಲ. ಪೊಲೀಸರು ಅದನ್ನು ಓದಬೇಕು, ಹುಡುಕುವುದನ್ನು ಅಲ್ಲಿಗೇ ನಿಲ್ಲಿಸಬೇಕು ಎಂಬುದೇ ಅವಳ ಲೆಕ್ಕ. ಪೊಲೀಸರು ರದ್ದಿ ಎಂದು ಬಿಟ್ಟರು, ತಮ್ಮನೋ ಪ್ರೀತಿಯಿಂದ ಜೇಬಿಗಿಳಿಸಿದ.

“ತಾನು ಮಾಡದ್ದನ್ನ ಯಾರಾದ್ರೂ ಮೈಮೇಲೆ ಎಳಕೊಳ್ತಾರಾ?” ಎಂದ ತಮ್ಮ.

“ಎಳಕೊಳ್ತಾರೆ. ಮಾಡಿದ್ದು ಯಾರು ಅಂತ ಗೊತ್ತಿದ್ರೆ, ಆ ಯಾರೋ ತಮ್ಮವರಾಗಿದ್ರೆ ಎಳಕೊಳ್ತಾರೆ,” ಎಂದಳು ಅಕ್ಕ. ಆಮೇಲೆ ತುಂಬ ಮೆತ್ತಗೆ ಕೇಳಿದಳು. “ಗೀರು ಬೀಳದ ಹಾಗೆ ತಿಜೋರಿ ತೆಗೆಯೋದನ್ನ ನಿಮ್ಮಕ್ಕ ಯಾರಿಗೆ ಕಲಿಸಿದ್ರು?”

ತಮ್ಮನ ಕಣ್ಣು ತಾನಾಗಿಯೇ ಅಕ್ಕನ ಮಗಳ ಕಡೆ ಹೊರಳಿತು. ತಡೆಯಲು ಅವನಿಂದ ಆಗಲಿಲ್ಲ.

ನಾನು ತಿರುಗಿ ನೋಡಿದೆ. ನನ್ನನ್ನು ಹುಡುಕಿಕೊಂಡು ಬಂದವಳು, ಅಮ್ಮ ಕಳ್ಳಿ ಅಲ್ಲ ಎಂದು ಅಷ್ಟು ಖಾತ್ರಿಯಾಗಿ ಹೇಳಿದವಳು, ಸ್ಟೂಲಿನ ಮೇಲೆ ಕುಸಿದು ಕೂತಿದ್ದಳು.

“ತಿಜೋರಿ ತೆಗೆದಿದ್ದು ನಾನು,” ಎಂದಳು.

ಕೈಯಲ್ಲಿದ್ದ ಮಾತ್ರೆಯ ಡಬ್ಬಿಯನ್ನು ಮುಚ್ಚಿದಳು.

“ನನ್ನದೊಂದು ಕಾಗದ ವಕೀಲರ ಹತ್ತಿರ ಸಿಕ್ಕಿಹಾಕಿಕೊಂಡಿತ್ತು. ಎಷ್ಟು ಸಲ ಕೇಳಿದ್ರೂ ಕೊಡಲಿಲ್ಲ. ನನ್ನ ಕಾಗದ ನಾನು ತಗೊಳ್ಳೋಣ ಅಂತ ಹೋದೆ. ಸುದ್ದಿ ಬಂದ ತಕ್ಷಣ ಅಮ್ಮನಿಗೆ ಗೊತ್ತಾಗಿರುತ್ತೆ ಇದು ನಾನೇ ಅಂತ. ಅವರ ಕೈ ಅಲ್ಲ ಅಂದ ಮೇಲೆ ಇನ್ಯಾರ ಕೈ? ಒಂದು ಮಾತು ನನ್ನನ್ನ ಕೇಳಬಹುದಿತ್ತು ಸರ್. ಕೇಳಿದ್ರೆ ಹೇಳ್ತಿದ್ದೆ.”

“ಏನಂತ?”

“ಆ ಬಾಗಿಲು ಎಳೆದಾಗ ಒಳಗೆ ಏನೂ ಇರಲಿಲ್ಲ ಅಂತ. ನನ್ನ ಕಾಗದ ಇಲ್ಲ, ಯಾರ ಕಾಗದವೂ ಇಲ್ಲ. ಖಾಲಿ ತಿಜೋರಿ. ಹೆದರಿ ಹಾಗೇ ಬಿಟ್ಟು ಓಡಿಬಂದೆ. ನಾನು ಏನೂ ಕದ್ದಿಲ್ಲ. ಇಲ್ಲದ ಕಳ್ಳತನಕ್ಕೆ ಅಮ್ಮ ಮನೆ ಬಿಟ್ಟು ಹೋಗಿದ್ದಾರೆ.”

ಇದುವರೆಗೂ ತಡೆದುಕೊಂಡಿದ್ದ ಅಳು ಆಗ ಒತ್ತರಿಸಿ ಬಂತು. ಅಕ್ಕ ಹೋಗಿ ಅವಳ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ನಿಂತಳು. ಬೈಯುತ್ತಾಳೆಂದುಕೊಂಡಿದ್ದೆ, ಬೈಯಲಿಲ್ಲ.

ನನ್ನ ತಲೆ ಮಾತ್ರ ಓಡುತ್ತಿತ್ತು. ಅವಳು ಹೋಗುವ ಮೊದಲೇ ತಿಜೋರಿ ಖಾಲಿಯಾಗಿತ್ತು ಎಂದರೆ, ಕೀ ಇದ್ದವರೇ ಅದನ್ನು ತೆಗೆದು ಖಾಲಿ ಮಾಡಿ ಮತ್ತೆ ಬೀಗ ಹಾಕಿದ್ದರು. ಆ ಮನುಷ್ಯನಿಗೆ ಬೀಗದಮ್ಮ ಕಳ್ಳಿಯಲ್ಲ ಎಂಬುದು ಚೆನ್ನಾಗಿ ಗೊತ್ತು. ತಪ್ಪು ಅವಳ ತಲೆಯ ಮೇಲೆ ಉಳಿಯಬೇಕಾದರೆ ಅವಳು ಸಿಗದೇ ಇರುವುದೇ ಅವನಿಗೆ ಒಳ್ಳೆಯದು.

“ನಿನ್ನೆ ಸಂಜೆ ನೀವು ಹೊರಟಾಗ ನಿಮ್ಮಕ್ಕ ಏನು ಮಾಡ್ತಿದ್ರು?” ತಮ್ಮನನ್ನು ಕೇಳಿದೆ. “ಮುಚ್ಚಿಡಬೇಡಿ. ಇನ್ನು ಮುಚ್ಚಿಟ್ಟು ಯಾರನ್ನೂ ಉಳಿಸಿದ ಹಾಗಾಗಲ್ಲ.”

ಅವನ ಮುಖ ಬಿಳಿಚಿಕೊಂಡಿತ್ತು.

“ಫೋನಲ್ಲಿದ್ರು ಸರ್. ‘ತೆಗೆದಿದ್ದು ನಾನೇ, ಬಂದು ಎಲ್ಲಾ ಹೇಳ್ತೀನಿ, ಬೇರೆ ಯಾರ ಹೆಸರೂ ಬರಬಾರದು’ ಅಂತಿದ್ರು. ನನ್ನ ಕಿವಿಯಾರೆ ಕೇಳಿದೆ. ಅದಕ್ಕೇ ಅಕ್ಕನೇ ಮಾಡಿದ್ದು ಅಂತ ನಂಬಿಬಿಟ್ಟೆ. ಅದಕ್ಕೇ ಆ ಚೀಟಿ ಬಚ್ಚಿಟ್ಟೆ.”

“ಯಾರ ಹತ್ತಿರ ಮಾತಾಡ್ತಿದ್ರು? ಇನ್ಸ್‌ಪೆಕ್ಟರ್ ಹತ್ತಿರಾನಾ?”

“ಅಲ್ಲ,” ಎಂದ. “ವಕೀಲರ ಹತ್ತಿರ.”